ಹರಳೆಣ್ಣೆ ಸವರಿದ ಗಾಜು

ಗಣಿಯ ಒಳಗಿನ ಕತ್ತಲೆ ಹೇಗಿರುತ್ತದೆ ಎಂಬುದನ್ನು ಅಶ್ವತ್ಥಮ್ಮ ಒಂದು ದಿನವೂ ಕಂಡವಳಲ್ಲ. ಹೆಂಗಸರು ಭೂಮಿಯೊಳಗೆ ಇಳಿದು ಕೆಲಸ ಮಾಡಬಾರದೆಂದು ಕಾನೂನೇ ಇತ್ತು. ಆದರೂ ಆ ಕತ್ತಲೆಗೆ ಬೇಕಾದ ಬೆಳಕನ್ನು ಕೆಲವು ವರ್ಷ ಕೈಯಾರೆ ಮಾಡಿದವಳು ಅವಳು. ಕಾಣದ ಊರಿಗೆ ದಾರಿ ಹೇಳುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ, ಬಿಡಿ. ಆದರೆ ತಾವು ಹೇಳಿದ ದಾರಿಯಲ್ಲಿ ತಮ್ಮ ಮನೆಯವರೇ ನಡೆಯುತ್ತಾರೆ ಎಂಬ ಭಯ ಅವರಿಗಿಲ್ಲ. ಅಶ್ವತ್ಥಮ್ಮನಿಗೆ ಇತ್ತು.

ಅವಳು ಕ್ಯಾಸಂಬಳ್ಳಿ ಪಕ್ಕದ ಹಳ್ಳಿಯವಳು. ರಾಗಿ ಹೊಲ, ಒಂದು ಜೊತೆ ಎತ್ತು, ಕರೆಯುವ ಹಸು ಇದ್ದ ಮನೆ. ಎಪ್ಪತ್ತಮೂರನೇ ಇಸವಿಯಲ್ಲಿ ಸೋದರತ್ತೆಯ ಮಗ ಕದಿರಪ್ಪನಿಗೆ ಕೊಟ್ಟು ಮದುವೆ ಮಾಡಿದರು. ಕದಿರಪ್ಪನಿಗೆ ನಂದಿದುರ್ಗದ ಚಿನ್ನದ ಗಣಿಯಲ್ಲಿ ಕೆಲಸ. ಸುರಂಗದ ಮೇಲ್ಭಾಗ ಕುಸಿಯದಂತೆ ಮರದ ದಿಮ್ಮಿಗಳನ್ನು ನಿಲ್ಲಿಸುವ ಗುಂಪಿನಲ್ಲಿದ್ದ. ಕಂಪನಿ ಸಾಲಾಗಿ ಕಟ್ಟಿಸಿ ಕೊಟ್ಟ ಲೈನ್ ಮನೆ, ಒಂದು ಕೋಣೆ, ಒಂದು ಅಡುಗೆಮನೆ, ಹಿಂದೊಂದು ಬಚ್ಚಲು. ಎಡಕ್ಕೆ ತಮಿಳಿನವರು, ಬಲಕ್ಕೆ ತೆಲುಗಿನವರು, ನಡುವೆ ಇವಳ ಕನ್ನಡ. ಜಗಳ ಬಂದಾಗ ಮಾತ್ರ ಎಲ್ಲರಿಗೂ ಮೂರು ಭಾಷೆ ಬರುತ್ತಿತ್ತು. ಚಿಕ್ಕಂದಿನಿಂದ ಗಂಡನನ್ನು ‘ಬಾವ’ ಎಂದು ಕರೆದ ಬಾಯಿ ಮದುವೆಯಾದ ಮೇಲೂ ಹಾಗೇ ಕರೆಯಿತು.

ಕದಿರಪ್ಪ ಮಾತು ಕಮ್ಮಿಯ, ಕೈ ಗಟ್ಟಿಯ ಆಳು. ಅಂಥವನಿಗೆ ಎಂಬತ್ತರಲ್ಲಿ ಒಂದು ಪೆಟ್ಟು ಬಿತ್ತು. ಒಂದು ಪಕ್ಕದ ಸುರಂಗದಲ್ಲಿ ಮರೆತಿದ್ದ ಕೊಡಲಿಯನ್ನು ತರಲು ಒಬ್ಬನೇ ಹೋದಾಗ ಟೊಪ್ಪಿಗೆಯ ದೀಪ ಆರಿಹೋಯಿತು. ಕೈ ಕಣ್ಣಿನ ಮುಂದೆ ಹಿಡಿದರೂ ಕೈ ಕಾಣದ ಕತ್ತಲೆ. ಗೋಡೆ ಎಲ್ಲಿದೆ, ಬಂದ ದಾರಿ ಯಾವುದು ಎಂಬುದೇ ತಪ್ಪಿಹೋಯಿತು. ಕೂಗಲೂ ಆಗದೆ ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಜೊತೆಗಾರರು ಹುಡುಕಿಕೊಂಡು ಬಂದಾಗ ಅವನು ಎದ್ದು ನಿಲ್ಲಲಿಲ್ಲವಂತೆ, ಇಬ್ಬರು ಎತ್ತಿಕೊಂಡು ಬಂದರಂತೆ.

ಅಂದಿನಿಂದ ಗಣಿ ಬಾಯಿಯವರೆಗೆ ಹೋಗುತ್ತಿದ್ದ, ಆಳುಗಳನ್ನು ಕೆಳಗಿಳಿಸುವ ಕೇಜಿನ ಬಾಗಿಲು ಕಂಡೊಡನೆ ಬೆವೆತು ಹಿಂದಕ್ಕೆ ಬರುತ್ತಿದ್ದ. ಹೊಟ್ಟೆನೋವು ಎಂದ, ತಲೆಸುತ್ತು ಎಂದ. ಇದ್ದ ರಜವೆಲ್ಲ ಮುಗಿಯಿತು. ಅತ್ತೆ ದೇವಸ್ಥಾನದಿಂದ ತಾಯಿತ ತಂದು ಕಟ್ಟಿದಳು. ನಲ್ಲಿಯ ಹತ್ತಿರ ಹೆಂಗಸರು ಮುಸಿಮುಸಿ ನಕ್ಕರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬಂತೆ ಅವನು ಬಾಗಿಲಿಗೆ ಬೆನ್ನು ಹಾಕಿ ಕೂರತೊಡಗಿದ. ಕೆಲಸ ಹೋದರೆ ಲೈನ್ ಮನೆಯೂ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ತನ್ನ ಬಾವ ಇನ್ನು ಯಾವತ್ತೂ ತಲೆಯೆತ್ತಿ ನಡೆಯುವುದಿಲ್ಲವೇನೋ ಎಂದು ಅಶ್ವತ್ಥಮ್ಮ ಹೆದರಿದಳು.

ಆ ಹೊತ್ತಿಗೆ ಅವಳು ಶ್ರೀನಿವಾಸಪ್ಪನ ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದ್ದಳು. ಶ್ರೀನಿವಾಸಪ್ಪ ಬಂಗಾರಪೇಟೆಯವನು. ಬಿ.ಎಸ್ಸಿ. ಓದಿ, ಬೆಂಗಳೂರಿನ ಯಾವುದೋ ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ದುಡಿದು ಬಂದು, ಗಣಿಯ ಪಕ್ಕದ ಕೋರಮಂಡಲ್‌ಗೆ ಹೋಗುವ ರಸ್ತೆಯ ಪಕ್ಕ ತಗಡಿನ ಶೆಡ್ ಹಾಕಿದ್ದ. ಮನೆ ಮುಂದಿನ ಹೆಸರಿನ ಫಲಕ, ಸ್ಕೂಟರಿನ ನಂಬರ್ ಫಲಕ, ಇಂಥವನ್ನು ಮಾಡುತ್ತಿದ್ದವನ ತಲೆಗೆ ಒಂದು ಹುಳ ಹೊಕ್ಕಿತ್ತು: ದೀಪ ಆರಿದ ಮೇಲೂ ಸ್ವಲ್ಪ ಹೊತ್ತು ತಾನೇ ಬೆಳಗುವ ಪಟ್ಟಿ. ಗಣಿಯವರು, ಮಾಡಿ ತನ್ನಿ ನೋಡೋಣ ಎಂದಿದ್ದರು. ಕೆಲಸಕ್ಕೆ ಇಬ್ಬರೇ ಹೆಂಗಸರು, ಅಶ್ವತ್ಥಮ್ಮ ಮತ್ತು ಅವಳ ಲೈನಿನವಳೇ ಆದ ಮಾರಿಯಮ್ಮ.

ಪ್ಲಾಸ್ಟಿಕ್ ಹರಳನ್ನು ಅಸಿಟೋನು ಎಂಬ ದ್ರಾವಕದಲ್ಲಿ ನೆನೆಹಾಕಿದರೆ ಜೇನಿನಷ್ಟು ಮಂದವಾದ ಗಂಜಿಯಾಗುತ್ತದೆ. ಅದರ ವಾಸನೆ ಮೂಗಿಗೆ ಹತ್ತಿ ತಲೆ ಹಗುರಾಗುತ್ತಿತ್ತು. ಆ ಗಂಜಿಗೆ ಬೆಳಕಿನ ಪುಡಿ ಬೆರೆಸಬೇಕು. ಸತುವಿನಿಂದ ಮಾಡಿದ, ಕಡಲೆಹಿಟ್ಟಿನಂಥ ನುಣ್ಣನೆಯ ಪುಡಿ; ಕರಗುವ ಜಾತಿಯದಲ್ಲ, ಬಿಸಿಲನ್ನೋ ದೀಪವನ್ನೋ ಕುಡಿದು ಕತ್ತಲಲ್ಲಿ ತಿಳಿಹಸಿರಾಗಿ ಬೆಳಗುವಂಥದ್ದು. ಬೆರೆಸಿದ ಗಂಜಿಯನ್ನು ಗಾಜಿನ ಹಲಗೆಯ ಮೇಲೆ ಸುರಿದು, ಗಾಜಿನ ಕಡ್ಡಿಯಿಂದ ಒಂದೇ ಸಮನೆ ಎಳೆದರೆ ತೆಳ್ಳಗಿನ ಪೊರೆ. ಅದು ಗಟ್ಟಿಯಾದ ಮೇಲೆ ಬಿಡಿಸಿ, ಪಟ್ಟಿಯಾಗಿ ಕತ್ತರಿಸಿ ತಗಡಿಗೆ ಅಂಟಿಸುವುದು. ಇಷ್ಟೇ ತಾನೇ ಎಂದುಕೊಂಡರು. ಗೋಳೆಲ್ಲ ಇದ್ದದ್ದು ಅದು ಗಟ್ಟಿಯಾಗುವುದರಲ್ಲಿ.

ಮೊದಲು ಗಾಳಿಗೆ ಒಣಗಲು ಬಿಟ್ಟರು. ಗಾಜಿನಂಥ ಹೊಳಪು ಬಂತು, ಎಲ್ಲರಿಗೂ ಸಂತೋಷ. ಆದರೆ ಅದು ಒಣಗುವುದು ನಿಧಾನ. ಅಷ್ಟರಲ್ಲಿ, ಹಿಂಡಿಟ್ಟ ರಾಗಿ ಹಾಲಿನ ಹಿಟ್ಟು ತಳಕ್ಕೆ ಕೂರುವ ಹಾಗೆ, ಪುಡಿಯೆಲ್ಲ ಕೆಳಕ್ಕಿಳಿದು ಗಾಜಿನ ಕಡೆ ಸೇರಿಕೊಳ್ಳುತ್ತಿತ್ತು. ಒಂದು ಮುಖ ಬರೀ ಪ್ಲಾಸ್ಟಿಕ್, ಇನ್ನೊಂದು ಮುಖ ಬರೀ ಪುಡಿ. ಎರಡು ಮುಖಕ್ಕೆ ಎರಡು ಬುದ್ಧಿ ಇದ್ದರೆ ಯಾರು ನೆಟ್ಟಗಿರುತ್ತಾರೆ? ಪಟ್ಟಿ ಸುಟ್ಟ ಹಪ್ಪಳದಂತೆ ಸುರುಳಿಕೊಂಡು ತಗಡಿನಿಂದ ಎದ್ದುಬರುತ್ತಿತ್ತು, ಬಗ್ಗಿಸಿದರೆ ಚಟಕ್ಕನೆ ಮುರಿಯುತ್ತಿತ್ತು.

ಆಮೇಲೆ ಶ್ರೀನಿವಾಸಪ್ಪ ಹಸಿ ಪೊರೆಯನ್ನು ಗಾಜಿನ ಸಮೇತ ನೀರಿನ ತೊಟ್ಟಿಗೆ ಇಳಿಸಿ ನೋಡಿದ. ಕಾದ ಹಾಲಿಗೆ ನಿಂಬೆಹುಳಿ ಬಿದ್ದ ಹಾಗೆ ಕಣ್ಣೆದುರಿಗೇ ಬೆಳ್ಳಗೆ ಒಡೆದು ಗಟ್ಟಿಯಾಯಿತು. ಪುಡಿಗೆ ಕೆಳಗಿಳಿಯಲು ಹೊತ್ತೇ ಸಿಗದೆ ಇದ್ದಲ್ಲೇ ಸಿಕ್ಕಿಕೊಂಡಿತು. ಪೊರೆ ಮೆತ್ತಗೆ, ಚಪ್ಪಟೆ, ಎಲ್ಲ ಕಡೆಯೂ ಒಂದೇ ಬೆಳಕು. ಶ್ರೀನಿವಾಸಪ್ಪ ಎಲ್ಲರಿಗೂ ಜಾಮೂನು ತರಿಸಿದ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ಮರುವಾರ ಗೊತ್ತಾಯಿತು. ಅಸಿಟೋನು ಹೊರಗೆ ಓಡುವಾಗ, ನೀರು ಒಳಗೆ ನುಗ್ಗುವಾಗ, ಪೊರೆಯ ತುಂಬ ಸಣ್ಣ ಸಣ್ಣ ತೂತು ಬಿದ್ದಿದ್ದವು. ಕೆಸರುನೀರಿನಲ್ಲಿಟ್ಟರೆ ಬಟ್ಟೆಯ ಹಾಗೆ ಕುಡಿದು ಕಪ್ಪಾಗುತ್ತಿತ್ತು. ಗಣಿಯೊಳಗೆ ಎಲ್ಲಿ ನೋಡಿದರೂ ಜಿನುಗುವುದೇ ಕೆಸರುನೀರು.

ಕೊನೆಗೆ ಹಿಡಿದದ್ದು ಎರಡರ ನಡುವಿನ ದಾರಿ. ಎಳೆದ ಗಂಜಿಯನ್ನು ಮೇಲೊಂದು ಕೆನೆ ಕಟ್ಟುವವರೆಗೆ ಮಾತ್ರ ಗಾಳಿಗೆ ಬಿಟ್ಟು, ಪುಡಿ ಇಳಿಯುವ ಮೊದಲೇ ನೀರಿಗೆ ಹಾಕುವುದು. ಮೇಲೆ ನೀರನ್ನು ಒಳಗೆ ಬಿಡದ ಚರ್ಮ, ಒಳಗೆ ಮೆತ್ತನೆಯ ಒಡಲು. ತೂತಿರುವ ಬೆನ್ನನ್ನು ತಗಡಿಗೆ ಅಂಟಿಸಿಬಿಟ್ಟರೆ ಆಯಿತು. ಯೋಚನೆ ಶ್ರೀನಿವಾಸಪ್ಪನದು. ಆದರೆ ಕೆನೆ ಕಟ್ಟುವ ಹೊತ್ತು ಮೋಡದ ದಿನ ಒಂದು, ಬಿಸಿಲಿನ ದಿನ ಒಂದು. ಅಶ್ವತ್ಥಮ್ಮ ರಾಗಿ ಹಾಲುಬಾಯಿ ಮಾಡಿ ತಟ್ಟೆಗೆ ಸುರಿದಾಗ ನೋಡುವಂತೆ ಬೆರಳಿನ ಹಿಂಬದಿಯನ್ನು ಅಂಚಿಗೆ ತಾಗಿಸುತ್ತಿದ್ದಳು: ಅಂಟಬಾರದು, ಆದರೆ ಒಳಗೆ ಅಲುಗಬೇಕು. ಅದಕ್ಕೂ ಎಷ್ಟೋ ಹಲಗೆ ಹಾಳಾದವು. ಅವನ ಓದು ಇಲ್ಲದಿದ್ದರೆ ಇವಳ ಬೆರಳಿಗೆ ಕೆಲಸವಿರಲಿಲ್ಲ, ಇವಳ ಬೆರಳಿಲ್ಲದಿದ್ದರೆ ಅವನ ಓದಿಗೆ ಕೈಕಾಲಿರಲಿಲ್ಲ.

ಚೆನ್ನಾಗಿ ಬಂದ ಮೊದಲ ಪಟ್ಟಿಯಲ್ಲಿ ಒಂದು ತುಂಡನ್ನು ಅಶ್ವತ್ಥಮ್ಮ ಮನೆಗೆ ತಂದಳು. ಮಟಮಟ ಮಧ್ಯಾಹ್ನ. ಅದನ್ನು ಅಂಗಳದ ಬಿಸಿಲಿಗೆ ಹಿಡಿದು, ಗಂಡನ ಕೈಗೆ ಕೊಟ್ಟು, ಅವನ ತಲೆಯ ಮೇಲೆ ಕಂಬಳಿ ಹೊದಿಸಿದಳು. ದಪ್ಪ ಮೀಸೆಯ ಗಂಡಸು ಕಂಬಳಿಯೊಳಗೆ ಮಿಸುಕಾಡದೆ ಕೂತಿದ್ದ. ಒಳಗೆ ಬಂದ ಅತ್ತೆ, ಮಗನಿಗೆ ಯಾವ ರೋಗ ಬಂತೋ ಎಂದು ಹಣೆ ಚಚ್ಚಿಕೊಳ್ಳಲು ಶುರುಮಾಡಿದಳು.

“ಏನ್ ಕಾಣ್ತೈತೆ ಬಾವ?” ಎಂದಳು ಅಶ್ವತ್ಥಮ್ಮ.

“ನನ್ನ ಕೈಬೆಳ್ಳು ಕಾಣ್ತೈತೆ,” ಎಂದ ಕಂಬಳಿಯೊಳಗಿನಿಂದ. ಆಮೇಲೆ ಕಂಬಳಿ ಸರಿಸಿ, “ದಾರಿ ಉದ್ದಕ್ಕೂ ಇದಿದ್ರೆ ಇಳೀತೀನಿ ಕಣೆ,” ಎಂದ.

ಇಳಿದ. ಪಟ್ಟಿಯ ತಗಡನ್ನು ಮೊಳೆಯಿಂದ ಹೊಡೆಯಬೇಕಾದದ್ದು ಮರದ ದಿಮ್ಮಿಗಳಿಗೇ, ಹಾಗಾಗಿ ಅದು ಅವನ ಗುಂಪಿನ ಪಾಲಿಗೆ ಬಂತು. ಕೇಜು ನಿಲ್ಲುವ ಕಡೆಯಿಂದ ಒಳಗೆ ಹೋಗುತ್ತಾ ದಿಮ್ಮಿಗೊಂದರಂತೆ ಪಟ್ಟಿ ಹೊಡೆದುಕೊಂಡು ಹೋದ. ಓಡಾಡುವವರ ಟೊಪ್ಪಿಗೆ ದೀಪವನ್ನೇ ಅವು ಕುಡಿದು ಇಟ್ಟುಕೊಳ್ಳುತ್ತಿದ್ದವು. ಶಿಫ್ಟು ಮುಗಿಸಿ ಬಂದು, ಇವತ್ತು ಎಲ್ಲಿಯವರೆಗೆ ಹೊಡೆದೆ ಎಂದು ಊಟ ಮಾಡುತ್ತಾ ಹೇಳುತ್ತಿದ್ದ. ಮಾತು ಕಮ್ಮಿಯವನು ಅಷ್ಟು ಮಾತಾಡಿದ್ದು ಅವಳಿಗೆ ಹಬ್ಬವಾಗಿತ್ತು. ನಲ್ಲಿಯ ಹತ್ತಿರ ಯಾರೂ ಈಗ ನಗುತ್ತಿರಲಿಲ್ಲ.

ತಾನೊಂದು ಬಗೆದರೆ ದೈವವೊಂದು ಬಗೆಯುತ್ತದೆ. ಗೌರಿ ಹಬ್ಬದ ಮುಂದೆ ಗಣಿಯವರು ಎರಡನೆಯ ಕಂತು ಬೇಗ ಬೇಕೆಂದರು. ಮೊದಲ ಕಂತು ಮುಗಿದಿದ್ದ ಒಳಗಿನ ತಿರುವಿನಿಂದ ಆಚೆಗಿನ ದಾರಿಗೆ. ಅವಸರದಲ್ಲಿ ಪೊರೆ ಬಿಡಿಸುವಾಗ ಗಾಜಿಗೆ ಕಚ್ಚಿಕೊಂಡು ಹರಿಯುತ್ತಿತ್ತು. ಹಾಲುಬಾಯಿ ತಟ್ಟೆಗೆ ಕಚ್ಚಬಾರದೆಂದರೆ ಏನು ಮಾಡುತ್ತಾರೆ? ತಟ್ಟೆಗೆ ಜಿಡ್ಡು ಸವರುತ್ತಾರೆ. ಹಲಸಿನಹಣ್ಣು ಬಿಡಿಸುವವರು ಕೈಗೆ ಎಣ್ಣೆ ಹಚ್ಚುತ್ತಾರೆ. ಅಶ್ವತ್ಥಮ್ಮ ಮನೆಯಿಂದ ಒಂದು ಬಟ್ಟಲು ಹರಳೆಣ್ಣೆ ತಂದು, ಬಟ್ಟೆಯಲ್ಲಿ ಅದ್ದಿ ಪ್ರತಿ ಗಾಜಿಗೂ ತೆಳ್ಳಗೆ ಸವರಿದಳು. ಪೊರೆಗಳು ಕಾವಲಿಯಿಂದ ದೋಸೆ ಎದ್ದ ಹಾಗೆ ಎದ್ದವು.

“ಅಕ್ಕಾ, ಉನ್ ಕೈ ರಾಸಿ ಕೈ,” ಎಂದು ಮಾರಿಯಮ್ಮ ಅವಳದು ಅದೃಷ್ಟದ ಕೈ ಎಂದಳು. ಶ್ರೀನಿವಾಸಪ್ಪನೂ ಒಂದು ಪೊರೆ ಎತ್ತಿ ನೋಡಿ, “ಈ ಸಲ ಒಂದೂ ಹರಿದಿಲ್ಲವಲ್ಲಮ್ಮ,” ಎಂದು ತಲೆದೂಗಿದ. ಯಾಕೆ ಹರಿಯಲಿಲ್ಲ ಎಂದು ಕೇಳಬೇಕೆಂದು ಅವನಿಗೂ ಹೊಳೆಯಲಿಲ್ಲ. ಕೆಲಸ ಕೆಟ್ಟಾಗ ಕಾರಣ ಹುಡುಕುತ್ತೇವೆ, ಚೆನ್ನಾಗಿ ಆದಾಗ ಯಾರು ಹುಡುಕುತ್ತಾರೆ? ಪಟ್ಟಿಗಳು ಗಣಿಗೆ ಹೋದವು, ಕದಿರಪ್ಪ ತಿರುವಿನಿಂದಾಚೆಗೆ ಹೊಡೆದು ಬಂದ.

ಆ ಕಂತಿನ ಒಂದು ಚೂರನ್ನೂ ಅಶ್ವತ್ಥಮ್ಮ ಮನೆಗೆ ತಂದು, ಬಚ್ಚಲ ಗೋಡೆಗೆ, ಕಂಬಳಿಯೊಳಗೆ ತೋರಿಸಿದ್ದ ಹಳೆಯ ತುಂಡಿನ ಪಕ್ಕದಲ್ಲೇ ಹೊಡೆದಿದ್ದಳು. ದಸರೆ ಕಳೆದ ಮೇಲೆ ಒಂದು ಬೆಳಗ್ಗೆ ಗೋಡೆ ತಿಕ್ಕುತ್ತಿದ್ದವಳ ಕೈ ನಿಂತಿತು. ಹಳೆಯ ತುಂಡು ಒರೆಸಿದರೆ ಬೆಳ್ಳಗೇ ಇತ್ತು. ಹೊಸದು ಸೀಗೆಪುಡಿಯ ನೀರು, ಹಂಡೆಯ ಮಸಿ ಎಲ್ಲವನ್ನೂ ಕುಡಿದು ಕಂದಾಗಿತ್ತು. ಎಷ್ಟು ತಿಕ್ಕಿದರೂ ಹೋಗಲಿಲ್ಲ. ಬಾಗಿಲು ಮುಚ್ಚಿ ನೋಡಿದಳು. ಒಂದು ಬೆಳಗುತ್ತಿತ್ತು. ಇನ್ನೊಂದು ಇದ್ದ ಜಾಗವೇ ಗೊತ್ತಾಗಲಿಲ್ಲ.

ಎರಡನ್ನೂ ಕಿತ್ತುಕೊಂಡು ಶೆಡ್ಡಿಗೆ ಓಡಿದಳು. ಶ್ರೀನಿವಾಸಪ್ಪ ಶೆಡ್ಡಿನಲ್ಲಿ ಉಳಿದಿದ್ದ ಹೊಸ ಪಟ್ಟಿಯ ಮೇಲೆ ಪೆನ್ನಿನ ಇಂಕು ಒಂದು ಹನಿ ಹಾಕಿ, ಸ್ವಲ್ಪ ಬಿಟ್ಟು ಒರೆಸಿದ. ಹಳೆಯ ಪಟ್ಟಿಗೂ ಹಾಗೇ ಮಾಡಿದ. ಹಳೆಯದರಲ್ಲಿ ಇಂಕು ಜಾರಿಹೋಯಿತು. ಹೊಸದರ ಚರ್ಮದ ಮೇಲೆ ಸೂಜಿಮೊನೆಯಷ್ಟು ನೀಲಿ ಚುಕ್ಕೆಗಳು, ಸಿಡುಬು ಎದ್ದ ಹಾಗೆ.

“ಗಾಜಿಗೆ ಏನಾದರೂ ಹಚ್ಚಿದ್ದೆಯಾ ಅಮ್ಮ?” ಎಂದ.

“ಅರಳೆಣ್ಣೆ ಸವರಿದ್ದೆ ಅಣ್ಣ. ಕಚ್ಚಬಾರ್ದು ಅಂತ.”

ಅವನು ಬೈಯಲಿಲ್ಲ. ಕುರ್ಚಿಯಲ್ಲಿ ಕೂತು ನಿಧಾನವಾಗಿ ಬಿಡಿಸಿ ಹೇಳಿದ. ಹರಳೆಣ್ಣೆ ಅಸಿಟೋನಿನಲ್ಲಿ ಬೆರೆತುಹೋಗುತ್ತದೆ. ಗಂಜಿಯ ಜೊತೆ ಮೇಲಿನ ಕೆನೆಯವರೆಗೂ ಹತ್ತಿದೆ. ನೀರಿಗೆ ಹಾಕಿದಾಗ ಹನಿಹನಿಯಾಗಿ ಬೇರೆಯಾಗಿ, ಆ ಹನಿ ಇದ್ದ ಕಡೆಯೆಲ್ಲ ತೂತು ಬಿಟ್ಟಿದೆ. “ತಪ್ಪು ನಂದೂ ಹೌದು, ಅಷ್ಟು ಸಲೀಸಾಗಿ ಎದ್ದಾಗಲೇ ಕೇಳಬೇಕಿತ್ತು,” ಎಂದ. ಅವತ್ತೇ ಗಣಿ ಆಫೀಸಿಗೆ ಹೋಗಿ ಹೇಳಿ ಬಂದ. ಬೇರೆ ಮಾಡಿಕೊಡುವವರೆಗೆ ಈಗ ಹೊಡೆದಿರುವುದೇ ಇರಲಿ ಎಂದರಂತೆ. ಎಲ್ಲರ ತಲೆಯ ಮೇಲೂ ದೀಪ ಇದ್ದೇ ಇದೆಯಲ್ಲ, ಪಟ್ಟಿ ಇದ್ದರೆ ಒಂದು ಹೆಚ್ಚು ಅಷ್ಟೇ ಎಂದರಂತೆ.

ಅವರ ಲೆಕ್ಕದಲ್ಲಿ ಅದು ನಿಜ. ಕದಿರಪ್ಪನ ಲೆಕ್ಕ ಬೇರೆ. ಅವನು ದೀಪವನ್ನು ನಂಬಿ ಇಳಿಯುತ್ತಿರಲಿಲ್ಲ, ದೀಪ ಒಂದು ಸಲ ಕೈಕೊಟ್ಟಿತ್ತು. ಅವನು ಇಳಿಯುತ್ತಿದ್ದದ್ದು ಹೆಂಡತಿಯ ಪಟ್ಟಿಯನ್ನು ನಂಬಿ. ಹೇಳಿದರೆ ಮತ್ತೆ ಬಾಗಿಲಿಗೆ ಬೆನ್ನು ಹಾಕಿ ಕೂತುಬಿಡುತ್ತಾನೆ. ಹೇಳದಿದ್ದರೆ, ಅದೇ ತಿರುವಿನಾಚೆ ಏನಾದರೂ ಆದರೆ? ಅತ್ತ ದರಿ, ಇತ್ತ ಪುಲಿ. ಮಾರಿಯಮ್ಮ, “ಸುಮ್ನೆ ಇರಕ್ಕಾ, ಒಸಾದು ಮಾಡಿ ಬದ್ಲಾಯಿಸಿದ್ರೆ ಆಯ್ತು, ಯಾರ್ಗೆ ತಿಳೀತದೆ,” ಎಂದಳು. ಅವಳ ಮಾತಿನಲ್ಲಿ ಕೆಟ್ಟತನವೇನೂ ಇರಲಿಲ್ಲ. ಅಶ್ವತ್ಥಮ್ಮನಿಗೂ ಹಾಗೇ ಸುಮ್ಮನಿದ್ದುಬಿಡೋಣ ಎಂದು ದಾರಿಯುದ್ದಕ್ಕೂ ಅನ್ನಿಸಿತು.

ಸಂಜೆ ಮುದ್ದೆ ಬಡಿಸಿ, ಸಾರು ಹಾಕಿ, ಎದುರಿಗೆ ಕೂತಳು.

“ಬಾವ, ತಿರುವಿನಿಂದಾಚೆಗೆ ಒಡ್ದಿರೋ ಪಟ್ಟಿ ಒಂದೂ ಸರಿ ಇಲ್ಲ. ನಾನೇ ಕೆಡಿಸ್ದೆ. ಎಣ್ಣೆ ಸವರಿಬಿಟ್ಟೆ. ನೀರು ಕುಡುದು ಕಪ್ಪಾಗವೆ. ಕೇಜಿಂದ ತಿರುವಿನ್ ತನಕ ಚೆನ್ನಾಗವೆ, ಅಲ್ಲಿಂದಾಚೆ ಕತ್ತಲೆ. ಒಸಾದು ಬರೋಗಂಟ ಅಂಗೇ ಇರ್ತೈತೆ.”

ಕದಿರಪ್ಪನ ಕೈಯಲ್ಲಿದ್ದ ತುತ್ತು ತಟ್ಟೆಗೆ ಹೋಯಿತು. ಅವನು ಅವಳ ಮುಖ ನೋಡಲಿಲ್ಲ. ಎದ್ದು ಕೈ ತೊಳೆದು, ಗೋಡೆಯ ಕಡೆ ತಿರುಗಿ ಮಲಗಿದ. ಬೈದಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಬೆಳಗ್ಗೆ ಸೈರನ್ ಆಗುವ ಮೊದಲೇ ಎದ್ದು, ಊಟದ ಕ್ಯಾರಿಯರ್ ತೆಗೆದುಕೊಂಡು ಹೊರಟುಹೋದ. ಇಳಿಯಲು ಹೋದನೋ, ಎಲ್ಲಾದರೂ ಮರದ ಕೆಳಗೆ ಕೂತು ಹೊತ್ತು ಕಳೆಯಲು ಹೋದನೋ? ಅವಳು ಅವತ್ತು ಶೆಡ್ಡಿನಲ್ಲಿ ಗಾಜುಗಳನ್ನು ಸೋಡಾಪುಡಿ ಹಾಕಿ ತಿಕ್ಕಿ ತಿಕ್ಕಿ ತೊಳೆದಳು. ಮಧ್ಯಾಹ್ನವಾಗುತ್ತಲೇ ಕೈ ಒರೆಸಿಕೊಂಡು ಗಣಿ ಗೇಟಿಗೆ ಹೋಗಿ ನಿಂತಳು. ಯಾವತ್ತೂ ಹಾಗೆ ಹೋಗಿ ನಿಂತವಳಲ್ಲ. ಗೇಟಿನಲ್ಲಿ ಹೆಂಗಸು ನಿಂತಿದ್ದರೆ ಅಪಶಕುನ ಎನ್ನುವವರಿದ್ದರು, ಅನ್ನಲಿ ಎಂದುಕೊಂಡಳು.

ಶಿಫ್ಟು ಬಿಟ್ಟಿತು. ಕಲ್ಲಿನ ಧೂಳು, ಬೆವರು ಮೆತ್ತಿದ ಮುಖಗಳು ಒಂದರ ಹಿಂದೊಂದು ಹಾದುಹೋದವು. ಜನ ತೆಳುವಾದ ಮೇಲೆ ಕದಿರಪ್ಪ ಬಂದ. ಅವನ ಬಲಗೈ ಅಂಗೈಯಿಂದ ಮೊಣಕೈವರೆಗೆ ಕರೀ ಕೆಸರು. ಅವನು ಇಳಿದಿದ್ದ. ಅಶ್ವತ್ಥಮ್ಮ ಅವನ ಎದುರಿಗೆ ಹೋದಳು.

“ತಿರುವಿನಾಚೆ ಓಗಿದ್ಯಾ ಬಾವ?”

“ಓಗಿದ್ದೆ. ನೀ ಏಳ್ದಂಗೇ ಐತೆ. ಒಂದು ಪಟ್ಟೀನೂ ಇಲ್ಲ ಅನ್ನಂಗೈತೆ,” ಎಂದ. ಆಮೇಲೆ, ಬೇರೆ ಯಾರದೋ ಸುದ್ದಿ ಹೇಳುವವನ ಹಾಗೆ, “ಅಲ್ಲಿ ನಿಂತ್ಕಂಡು ದೀಪ ಆರಿಸ್ದೆ,” ಎಂದ.

“ಕೆಟ್ಟೋಯ್ತಾ ದೀಪ?”

“ಇಲ್ಲ, ನಾನೇ ಆರಿಸ್ದೆ. ಗೋಡೆ ಇಡ್ಕಂಡು ಬಂದೆ. ಎದೆ ಒಡ್ಕಂತಿತ್ತು. ಆದ್ರೆ ತಿರುವು ಬರೋಗಂಟ ಕತ್ತಲೆ, ತಿರುವು ದಾಟಿದ್ರೆ ಬೆಳಕು ಅಂತ ನೀ ಏಳಿದ್ಯಲ್ಲ. ನಡ್ಕಂಡು ಬಂದೆ. ಬಂತು.”

ಅಶ್ವತ್ಥಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಗೇಟಿನ ಮುಂದೆ, ಅಷ್ಟು ಜನ ಗಂಡಸರು ಹೋಗುತ್ತಿರುವಾಗ, ಅವಳಿಗೆ ಅಳು ತಡೆಯಲಾಗಲಿಲ್ಲ. ಕದಿರಪ್ಪ ಏನು ಮಾಡಬೇಕೋ ತಿಳಿಯದೆ, ಕೆಸರಿನ ಕೈಯನ್ನು ಚಡ್ಡಿಗೆ ಒರೆಸಿಕೊಳ್ಳುತ್ತಾ ನಿಂತ.

“ಎಲ್ಲಾ ಪಟ್ಟೀನೂ ಸರಿಯಾಗವೆ ಅಂತ ನೀ ಅಂದಿದ್ದಿದ್ರೆ,” ಎಂದ, “ಯಾವತ್ತೋ ಒಂದಿನ ದೀಪ ಕೆಟ್ಟಾಗ ಅಲ್ಲೇ ಕೂತ್ಬಿಡ್ತಿದ್ದೆ ಕಣೆ.”